ಎದ್ದೇಳು ಕೆಂಚ

ಐಕ್ಳಿಗೆ ಪಾಠ ಯೋಳ್ಕೊಡಕ್ಕೆ ಸಂಬಳ ಈಸ್ಕೊಳ್ಳೋರು ಮನೇಲಿರೋ ಮುದುಕೀನ ಯಾಕೆ ಕರೀಬೇಕು, ನೀವೇ ಯೋಳಿ. ನಾನೇನು ಇಸ್ಕೂಲಿನ ಮುಖ ಕಂಡೋಳಾ? ಈಗ ಪಾಲಹಳ್ಳೀಲಿ ನಾನು ಬೀದಿಗೆ ಬಂದ್ರೆ ಎಲ್ರೂ ಒಂಥರ ನೋಡ್ತಾರೆ. ಮೊಮ್ಮಗಳಿಗೆ ಇಂಗೆ ಮಾಡಬೌದಾ ದೊಡ್ಡಮ್ಮ ಅಂತಾರೆ. ಮಾಡಬೌದು ಕಣ್ರೋ. ಅವ್ಳ ಜೀವ ಚೆಂದಾಗಿರ್ಲಿ ಅಂತ ಮಾಡ್ದೆ. ನಿಮ್ಮಟ್ಟಿ ಕೂಸು ಕಣ್ಣು ಮೇಲಕ್ಕೆ ಮಾಡ್ಕೊಂಡು ಮಲಗಿದ್ರೆ ನೀವೇನು ಮಾಡ್ತಿದ್ರಿ, ಅದ ಯೋಳಿ ಮೊದ್ಲು.

ಶುರುವಿಂದ ಯೋಳ್ತೀನಿ, ಮಧ್ಯದಲ್ಲಿ ಬಾಯಿ ಆಕಬ್ಯಾಡಿ.

ನನ್ನ ಮಗ ಲೋಕೇಶ ಗೂಡ್ಸ್ ಆಟೋ ಮಡಗವ್ನೆ. ಓಡ್ಸೋದು ಅಷ್ಟರಲ್ಲೇ ಐತೆ, ಯಾವಾಗ ನೋಡಿದ್ರೂ ಕೈಲಿ ಮೊಬೈಲು. ಅವ್ನ ಮಗಳು ಪೂಜ, ಯುಕೆಜಿ. ಗಂಜಾಂ ಕಡೆ ಒಂದು ಕಾನ್ವೆಂಟಿಗೆ ವ್ಯಾನಲ್ಲಿ ಓಯ್ತಾಳೆ. ಅವ್ಳು ಇನ್ನೂ ತೊದಲು ಮಾತಾಡೋ ಕೂಸಾಗಿದ್ದಾಗ ಡೆಂಗಿ ಜ್ವರ ಬಂದ್ಬುಡ್ತು. ಡಾಕ್ಟ್ರು ನಮ್ಮ ಕೈಲೇನೂ ಇಲ್ಲ ಅಂತ ಮೇಲೆ ಕೈ ತೋರ್ಸಿಬುಟ್ರು. ಸೊಸೆ ಉಮ ಗೋಡೆಗೆ ತಲೆ ಚಚ್ಕೋತಿದ್ಳು. ನಾನು ಆಸ್ಪತ್ರೆ ಬಾಗ್ಲಲ್ಲೇ ಸೆರಗೊಡ್ಡಿ ನಿಂತ್ಕೊಂಡು, "ನಾಲೆ ಏರಿ ಮುನೇಶ್ವರ, ಈ ಕೂಸ ಉಳಿಸ್ಕೊಡಪ್ಪ, ಇವ್ಳ ಕೈಲೇ ತೀರ್ಥ ಆಕ್ಸಿ ನಿಂಗೊಂದು ಟಗರು ಕೊಡ್ತೀನಿ" ಅಂತ ಅರಕೆ ಕಟ್ಕೊಂಡೆ. ಕೂಸು ಉಳೀತು. ಡಾಕ್ಟ್ರು ಉಳಿಸಿದ್ರು ಅಂತಾಳೆ ಉಮ. ಅನ್ಲಿ ಬುಡಿ.

ಬನ್ನೂರು ಕಡೆಯಿಂದ ಒಂದು ಮರಿ ತಂದು ದೇವ್ರ ಹೆಸರಲ್ಲಿ ಬುಟ್ಟೋ. ಕೆಂಪಗೆ, ದುಂಡುದುಂಡಗೆ ಚೆಂದಾಗಿತ್ತು. ಬಂದ ಹೊಸದ್ರಲ್ಲಿ ನಾಯಿ ಕಚ್ಚಿ ಬಲಗಿವಿ ತುದಿ ಸೀಳಿತ್ತು. ಪೂಜ ಅದಕ್ಕೆ ಕೆಂಚ ಅಂತ ಹೆಸರು ಮಡಗಿದ್ಳು. ಅರಕೆ ಮರಿಗೆ ಹೆಸರಿಡಬಾರದು ಕಣವ್ವ ಅಂದೆ. ನನ್ನ ಮಾತ ಯಾರು ಕೇಳ್ತಾರೆ ಆ ಮನೇಲಿ? ಅವ್ಳು ಇಸ್ಕೂಲಿಂದ ಬಂದೋಳೆ ಬ್ಯಾಗು ಎಸೆದು ಕೆಂಚನ ಸೀಳು ಕಿವಿ ಒಳೀಕೆ ಉಫ್ ಅಂತ ಊದೋಳು. ಅದು ತಲೆಯಿಂದ ಬಾಲದ ಗಂಟ ಮೈಯೆಲ್ಲ ಒದರೋದು. ಇವ್ಳು ಬಿದ್ದು ಬಿದ್ದು ನಗೋಳು. ಲೋಕೇಶ ಅದ್ನೇ ವಿಡಿಯೋ ತೆಗೆದು ಮೊಬೈಲಲ್ಲಿ ಬುಟ್ಟ. ಆಮೇಲೆ ಪಟ್ಟಣದ ಸಂತೇಲೂ ಜನ ಕೂಸಿನ ಕೆನ್ನೆ ಇಂಡಿ "ಏನ್ ಪುಟ್ಟಿ, ನಿನ್ ಕೆಂಚ ಬರ್ಲಿಲ್ವಾ?" ಅನ್ನೋರು.

ಅಂಗಿದ್ದೋಳು ಒಂದಿನ ಅಪ್ಪನ ಮೊಬೈಲಲ್ಲಿ ಅದೇನ ನೋಡುದ್ಳೋ. ಯಾವನೋ ಮಚ್ಚು ತಕ್ಕೊಂಡು ಒಂದು ಎಂಗ್ಸಿನ ಕತ್ತಿಗೆ ಆಕ್ತಾನಂತೆ, ಸಿನಿಮಾದಲ್ಲಿ. ಅವತ್ತಿಂದ ಆಸಿಗೇಲಿ ಉಚ್ಚೆ, ಕತ್ಲೆ ಕಂಡ್ರೆ ಕಿರುಚಾಟ. ಇಸ್ಕೂಲಲ್ಲಿ ಕೆಂಪು ಬಣ್ಣದ ಡಬ್ಬಿ ನೋಡಿ ಬೆಂಚಿನ ಕೆಳೀಕೆ ನುಗ್ಗಿ ಕುಂತಳಂತೆ. ಅವ್ಳ ಮಿಸ್ಸು ಭೂಮಿಕ, ಇನ್ನೂ ಮದ್ವೆಯಾಗದ ಉಡುಗಿ, ನಮ್ಮೆಲ್ರಿಗೂ ಯೋಳಿ ಕಳ್ಸುದ್ಳು. ಮೊಬೈಲಲ್ಲಿ ಟೀವೀಲಿ ಯಾವುದು ದಿಟ ಯಾವುದು ಸುಳ್ಳು ಅಂತ ಸಣ್ಣ ಐಕ್ಳಿಗೆ ಪಾಠ ಮಾಡ್ತಾಳಂತೆ, ಅದಕ್ಕೆ ಮನೆಯೋರು ಎಲ್ರೂ ಬರಬೇಕಂತೆ, ಅಜ್ಜಿ ತಾತನೂ ಬರಬೇಕಂತೆ. ನನ್ನ ಗಂಡ ದೊಡ್ಡಬೀರಯ್ಯ, ನಂಗೆ ಕುರಿಗೆ ಸೊಪ್ಪು ತರೋ ಕೆಲ್ಸ ಐತೆ ಅಂತ ಜಾರ್ಕೊಂಡ. ನಾನು, ಉಮ, ಲೋಕೇಶ ಒಂಟೋ.

ಸಣ್ಣ ಸಣ್ಣ ಕುರ್ಚಿ ಆಕಿದ್ರು. ನನ್ನ ಸೊಂಟ ಅದ್ರಲ್ಲಿ ಸಿಕ್ಕಾಕೊಂಡು ಐಕ್ಳೆಲ್ಲ ನಕ್ಕವು. ಮಿಸ್ಸು ಒಂದು ಬಟ್ಲಲ್ಲಿ ಬೆಲ್ಲದ ನೀರಿಗೆ ಬೀಟ್ರೂಟು ರಸ ಕಲಸಿದ್ಳು, ಗಟ್ಟಿಗೆ, ಥೇಟ್ ರಕ್ತವೇ. "ಇವತ್ತು ನಾವೇ ಒಂದು ಸಿನಿಮಾ ತೆಗೆಯೋಣ. ಯಾರು ಸಾಯ್ತೀರಾ?" ಅಂದ್ಳು. ತಾಯಂದಿರೆಲ್ಲ ಕಿಸಕಿಸ ನಕ್ಕೊಂಡು ಒಬ್ರ ಹಿಂದೆ ಒಬ್ರು ಬಚ್ಚಿಟ್ಕೊಂಡ್ರು.

"ನಾನೇ ಸಾಯ್ತೀನಿ ಬುಡಿ ಮಿಸ್ಸೇ, ಎಂಗೂ ಟೈಮು ಅತ್ರ ಬಂದೈತೆ" ಅಂದ್ಬುಟ್ಟೆ.

ಚಾಪೆ ಮ್ಯಾಲೆ ಮಲಗಿದೆ. ಯಾರೋ ರಟ್ಟಿನ ಕತ್ತಿ ತಂದು ಕುತ್ಗೆ ಮ್ಯಾಲೆ ಎಳುದ್ರು. ಬೆಲ್ಲದ ನೀರು ಸುರುದ್ರು. ಲೋಕೇಶ ವಿಡಿಯೋ ತೆಗೀತಿದ್ದ. ನಾನು ನಾಲ್ಗೆ ಈಚೀಕೆ ಆಕಿ, ಕೈಕಾಲು ಒದ್ದಾಡ್ಸಿ, ನಿಜವಾಗ್ಲೂ ಸತ್ತೋರೂ ಅಷ್ಟು ಚೆಂದಾಗಿ ಸಾಯಲ್ಲ ಅಂಗೆ ಸತ್ತೆ. ಪೂಜ ಓ ಅಂತ ಕಿರುಚಿ ನನ್ನ ಮ್ಯಾಲೆ ಬಿದ್ಬುಟ್ಳು. ಅವ್ಳ ಎದೆ ಡವಡವ ಅನ್ನೋದು ನನ್ನ ಎದೆಗೆ ಗೊತ್ತಾಗ್ತಿತ್ತು. ಮಿಸ್ಸು ಮೆತ್ತಗೆ ಅಂದ್ಳು, "ಪೂಜ, ಅಜ್ಜಿ ಕಿವೀಲಿ ಹೇಳು, ಆಟ ಮುಗೀತು ಎದ್ದೇಳಜ್ಜಿ ಅಂತ."

ಕೂಸು ನಡುಗ್ತಾ ನಡುಗ್ತಾ ಅಂತು. ನಾನು ಧಡಕ್ಕನೆ ಎದ್ದು ಕುಂತು ಅವ್ಳ ಮೂಗು ಇಂಡಿದೆ. ಒಂದು ಗಳಿಗೆ ಪಿಳಿಪಿಳಿ ನೋಡುದ್ಳು. ಆಮೇಲೆ ನನ್ನ ಕುತ್ಗೆ ಮ್ಯಾಲಿದ್ದುದ್ದ ಬೆರಳಲ್ಲಿ ಬಳ್ಕೊಂಡು ನೆಕ್ಕುದ್ಳು. "ಅಜ್ಜಿ, ರಕ್ತ ಸೀ ಐತೆ!" ಅಂದ್ಳು. ಇಡೀ ಕ್ಲಾಸು ನಗ್ತಾ ನಗ್ತಾ ಬಟ್ಲು ಮುಗೀಸ್ಬುಡ್ತು.

ಕೊನೇಗೆ ಮಿಸ್ಸು ನಮ್ಮನ್ನ ನಿಲ್ಲಿಸ್ಕೊಂಡು ಅಂದ್ಳು, "ಇನ್ಮೇಲೆ ಮಕ್ಕಳು ಮನೇಲಿ ಏನೇ ನೋಡಿದ್ರೂ ಆಟವೋ ನಿಜವೋ ಅಂತ ಕೇಳ್ತಾರೆ. ನೀವು ಇದ್ದದ್ದನ್ನ ಇದ್ದ ಹಾಗೇ ಹೇಳಬೇಕು. ಒಂದೇ ಒಂದು ಸಲ ಸುಳ್ಳು ಹೇಳಿದ್ರೂ ನಾನು ಮಾಡಿದ ಪಾಠ ಎಲ್ಲ ನೀರಿಗೆ ಹೋಗುತ್ತೆ. ಮಗು ಅಂಗೈ ಮೇಲೆ ಅಂಗೈ ಇಟ್ಟು ಭಾಷೆ ಕೊಡಿ." ಎಲ್ರೂ ಕೊಟ್ರು. ನಾನೂ ಕೊಟ್ಟೆ. ಪೂಜನ ಅಂಗೈ ಇನ್ನೂ ಬೆಲ್ಲದಲ್ಲಿ ಅಂಟಂಟು ಅಂತಿತ್ತು.

ಇರೋ ವಿಷ್ಯ ಯೋಳ್ತೀನಿ, ಪಾಠ ಕೂಸಿನ ತಲೆಗೆ ಚೆಂದಾಗೇ ಅತ್ತಿತ್ತು. ನಮ್ಮಟ್ಟೀಲಿ ದಿನಾ ಒಬ್ರು ಸಾಯೋರು. ತಾತ ಮುದ್ದೆ ಉಣ್ತಾ ಉಣ್ತಾ ಸತ್ತ. ಉಮ ಬಟ್ಟೆ ಒಗೆಯೋ ಕಲ್ಲ ಮ್ಯಾಲೆ ಸತ್ಳು. ಕೆಂಚ ಮೆಲುಕು ಆಕ್ಕೊಂಡು ಮಲಗಿದ್ರೆ ಅದೂ ಸತ್ತಂಗೇ ಲೆಕ್ಕ. "ಆಟ ಮುಗೀತು, ಎದ್ದೇಳು ಕೆಂಚ" ಅಂತ ಕಿವಿಗೆ ಊದೋಳು, ಅದು ಒದರ್ಕೊಂಡು ಎದ್ದೇಳೋದು. ಸೀರಿಯಲ್ಲಲ್ಲಿ ಯಾರಾನ ವಿಷ ಕುಡುದ್ರೆ ನನ್ನ ಕಡೆ ತಿರುಗಿ "ಆಟ್ವೋ ನಿಜವೋ ಅಜ್ಜಿ?" ಆಟ ಕಣವ್ವ ಅನ್ನೋಳು ನಾನು. ವಾರ್ತೇಲಿ ಬಸ್ಸು ಬಿದ್ದುದ್ದ ತೋರುಸ್ದಾಗ ನಿಜ ಅಂದೆ. ಸುಮ್ನೆ ಕೈ ಮುಗುದ್ಳು. ಕತ್ಲೆ ಎದ್ರಿಕೆ ಓಯ್ತು, ಆಸಿಗೆ ಒಣಗ್ತು. ಪ್ರತಿ ರಾತ್ರಿ ನನ್ನ ತೋಳಿನ ಮ್ಯಾಲೇ ನಿದ್ದೆ. ಆ ತೋಳು ಜೋಮು ಇಡಿದ್ರೂ ನಾನು ಅಲ್ಲಾಡ್ತಿರ್ಲಿಲ್ಲ.

ಅಷ್ಟೊತ್ತಿಗೆ ಕೂಸಿಗೆ ತಿರ್ಗ ಜ್ವರ ಬಂತು. ಮಾಮೂಲಿ ಜ್ವರ, ಮಾತ್ರೆ ತಕ್ಕೊಂಡ್ರೆ ಇಳೀತದೆ ಅಂದ್ಳು ಉಮ. ನಾನು ಹಿತ್ಲಿಗೆ ಓಗಿ ಕೆಂಚನ ನೋಡ್ದೆ. ಟಗರು ಕೊಬ್ಬಿ ನಿಂತೈತೆ, ಇನ್ನೂ ಕೊಟ್ಟಿಲ್ಲ, ಮುನೇಶ್ವರ ಗ್ಯಾಪ್ಕ ಮಾಡ್ತಾವ್ನೆ. ಈ ಸಲ ತಡ ಮಾಡಿದ್ರೆ ಏನು ಕೇಳ್ತಾನೋ ಯಾರಿಗೆ ಗೊತ್ತು?

"ಅತ್ತೆ, ಬ್ಯಾರೆ ಟಗರು ತಂದು ಕೊಡನ. ಕೆಂಚ ಬ್ಯಾಡ" ಅಂದ್ಳು ಉಮ.

"ದೇವ್ರಿಗೆ ಬುಟ್ಟುದ್ದ ಬದ್ಲಾಯ್ಸಕ್ಕೆ ಅದೇನು ಅಂಗಡಿ ಸೀರೆನೇನೆ?"

"ಅಂಗಾದ್ರೆ ಪೂಜನ ಕರ್ಕೊಂಡು ಗೋವಿಂದನಹಳ್ಳಿಗೆ, ನಮ್ಮವ್ವನ ಮನೆಗೆ ಓಯ್ತೀನಿ. ನೀವು ಮಾಡ್ಕಳಿ."

"ಅವ್ಳ ಕೈಲೇ ತೀರ್ಥ ಆಕ್ಸಬೇಕು. ಮಾತು ಕೊಟ್ಟಿರೋಳು ನಾನು, ಜೀವ ಅವ್ಳ್ದು."

"ಸರಿ, ಮೊದ್ಲೇ ನಿಜ ಯೋಳ್ಬುಡಿ ಅತ್ತೆ. ಅಳ್ತಾಳೆ, ಅಳ್ಲಿ. ಮಿಸ್ಸಿಗೆ ಭಾಷೆ ಕೊಟ್ಟಿದ್ದೀವಿ."

"ಯೋಳಿದ್ರೆ ಬತ್ತಾಳೇನೆ ಅವ್ಳು?" ಅಂತ ಲೋಕೇಶ ಅಡ್ಡ ಬಾಯಿ ಆಕ್ದ. ಅಲ್ಲಿಗೆ ಮುಗೀತು. ಯಾರೂ ಯೋಳ್ಲಿಲ್ಲ.

ಜ್ವರ ಬುಟ್ಟ ಮ್ಯಾಲೆ ನಾಲೆ ಏರಿ ಮ್ಯಾಲೆ ಮರಿ ಕಡ್ದು ನೆಂಟ್ರಿಗೆ ಊಟ ಆಕೋ ಪರ ಮಡಿಕ್ಕೊಂಡೋ. ನೆಂಟ್ರು ಇಷ್ಟ್ರು ಬಂದ್ರು, ಒಲೆ ಊಡಿದ್ರು, ತಮಟೆಯೋರು ಬಂದ್ರು. ಕೆಂಚಂಗೆ ಮೈ ತೊಳೆದು ಅರಿಶಿಣ ಬಳಿದು ಚೆಂಡುವ್ವಿನ ಆರ ಆಕಿದ್ರು. ಪೂಜ ಲಂಗ ಆಕ್ಕೊಂಡು, "ಕೆಂಚನ ಬರ್ತ್‌ಡೇನಾ?" ಅಂತ ಕುಣೀತಿದ್ಳು. ನಾನು ಅವ್ಳ ಜಡೆಗೂ ಒಂದು ಚೆಂಡುವ್ವ ಸಿಕ್ಕಿಸ್ದೆ.

ನಮ್ಮಲ್ಲಿ ಒಂದು ಕಟ್ಟು ಐತೆ. ತೀರ್ಥ ಆಕಿದ ಮ್ಯಾಲೆ ಮರಿ ಮೈ ಒದರಬೇಕು. ಒದರಿದ್ರೆ ದೇವ್ರು ಒಪ್ಪುದ ಅಂತ. ಒದರೋ ಗಂಟ ಕತ್ತಿ ಮುಟ್ಟಂಗಿಲ್ಲ. ಪೂಜಾರಿ ನಂಜಪ್ಪ ಪೂಜನ ಪುಟ್ಟ ಕೈಗೆ ತಂಬ್ಗೆ ಕೊಟ್ಟ. ಅವ್ಳು ಕೆಂಚನ ಬೆನ್ನ ಮ್ಯಾಲೆ ಸುರುದ್ಳು. ಕೆಂಚ ಕಲ್ಲಿನಂಗೆ ನಿಂತಿತ್ತು. ಇನ್ನೊಂದು ತಂಬ್ಗೆ. ಇಲ್ಲ. ನಂಜಪ್ಪ ಮಂತ್ರ ಯೋಳ್ದ, ಧೂಪ ಆಕ್ದ, ತಮಟೆ ಜೋರಾಯ್ತು. ಕೆಂಚ ಸುತ್ಲೂ ಇದ್ದ ಜನರ ನೋಡ್ಕೊಂಡು ಸುಮ್ನೆ ನಿಂತೇ ಇತ್ತು. ಬಿಸ್ಲು ನೆತ್ತಿ ಸುಡ್ತಿತ್ತು.

"ಒಪ್ತಿಲ್ಲ ಕಣಮ್ಮ" ಅಂದ ನಂಜಪ್ಪ, ನನ್ನ ಮುಖಾನೇ ನೋಡ್ಕೊಂಡು. "ಮಗೂಗೆ ಏನೋ ಕಂಟಕ ಐತೆ."

ದೇವ್ರು ಟಗರು ಬ್ಯಾಡ ಅಂತಾವ್ನೆ ಅಂದ್ರೆ ಇನ್ನೇನು ಬೇಕು ಅಂತಾವ್ನೆ? ಅದೇ ಒತ್ತಿಗೆ ನನ್ನ ಗಂಡ ಟವಲ್ಲಿನ ಒಳಗಿಂದ ಕತ್ತಿ ಈಚೀಕೆ ತೆಗೆದ. ಪೂಜ ನೋಡ್ಬುಟ್ಳು. ತಂಬ್ಗೆ ಕೆಳಗೆ ಬಿತ್ತು. ಓಡಿ ಬಂದು ನನ್ನ ಬೆರಳು ಇಡ್ಕೊಂಡ್ಳು.

"ಅಜ್ಜಿ, ಆಟ್ವೋ ನಿಜವೋ?"

ತಮಟೆಯೋರೂ ನಿಲ್ಲಿಸ್ಬುಟ್ರು. ಉಮ ದೂರದಿಂದ್ಲೇ, "ನಿಜ ಯೋಳಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದ್ಳು. ಎಲ್ರೂ ನನ್ನೇ ನೋಡ್ತಾವ್ರೆ. ಬೈಕೊಳ್ಳಿ ಬೇಕಾದ್ರೆ, ಆ ಗಳಿಗೇಲಿ ನನ್ನ ಕಣ್ಣಿಗೆ ಕಂಡಿದ್ದು ಆಸ್ಪತ್ರೆ ಮಂಚದ ಮ್ಯಾಲೆ ಮಲಗಿದ್ದ ಕೂಸು ಒಂದೇ.

"ಆಟ ಕಣವ್ವ. ನೋಡು, ನಿಮ್ಮಪ್ಪ ವಿಡಿಯೋ ತೆಗೀತಾವ್ನೆ."

ಅವ್ಳು ಅಂಗೈ ಚಾಚುದ್ಳು. ನಾನು ಅಂಗೈ ಮ್ಯಾಲೆ ಅಂಗೈ ಮಡಗಿ ಇನ್ನೊಂದು ಸಲ ಅಂದೆ, ಆಟ.

ಕೂಸಿನ ಮುಖ ತಿಳಿಯಾಗ್ಬುಡ್ತು. ಕುಣ್ಕೊಂಡು ಕೆಂಚನತ್ರ ಓಗಿ ಅದರ ಕುತ್ಗೆ ತಬ್ಬುದ್ಳು. "ಎದ್ರುಕೋಬ್ಯಾಡ ಕಣೋ, ಆಟ ಇದು. ಆಮೇಲೆ ನಾನೇ ಎಬ್ಬುಸ್ತೀನಿ" ಅಂತ ಅಂದು ಸೀಳು ಕಿವಿ ಒಳೀಕೆ ಉಫ್ ಅಂತ ಊದುದ್ಳು. ಕೆಂಚ ತಲೆಯಿಂದ ಬಾಲದ ಗಂಟ ಮೈಯೆಲ್ಲ ಒದರ್ತು.

"ಒಪ್ತು! ಒಪ್ತು!" ಅಂತ ಜನ ಕೂಗಿದ್ರು. ತಮಟೆ ಶುರುವಾಯ್ತು. ನನ್ನ ಗಂಡಂದು ಪಳಗಿದ ಕೈ, ಒಂದೇ ಏಟು.

ಪೂಜ ಚಪ್ಪಾಳೆ ತಟ್ಟುದ್ಳು. ಕೆಂಚನ ಕಾಲು ಇನ್ನೂ ಒದ್ದಾಡ್ತಿತ್ತು. "ಅಜ್ಜಿ, ನಿನ್ನಂಗೇ ಮಾಡ್ತಾವ್ನೆ ನೋಡು!" ಅಂತ ನಕ್ಕಳು. ಕಾಲು ನಿಂತ್ವು. ಅವ್ಳು ಮುಂದಕ್ಕೆ ಓಗಿ, ಮಿಸ್ಸು ಯೋಳ್ಕೊಟ್ಟಂಗೆ ಮೆತ್ತಗೆ ಅಂದ್ಳು, "ಆಟ ಮುಗೀತು, ಎದ್ದೇಳು ಕೆಂಚ." ಏಳ್ಲಿಲ್ಲ. ಒಸಿ ಜೋರಾಗಿ ಅಂದ್ಳು. ನೆಂಟ್ರು ಕೆಲವ್ರು ನಕ್ರು. ಲೋಕೇಶ ಮೊಬೈಲು ಇಳೀಸ್ಲಿಲ್ಲ, ಬೇವರ್ಸಿ. ಕೂಸು ಬಗ್ಗಿ ನೆಲದ ಮ್ಯಾಲಿದ್ದುದ್ದ ಬೆರಳಲ್ಲಿ ಬಳ್ಕೊಂಡು ನೆಕ್ಕುದ್ಳು. ಮುಖ ಕಿವುಚಿ ನನ್ನ ಕಡೆ ತಿರುಗುದ್ಳು.

"ಅಜ್ಜಿ, ಇದಕ್ಕೆ ಬೆಲ್ಲ ಆಕಿಲ್ಲ."

ಉಮ ಓಡಿ ಬಂದು ಅವ್ಳ ಎತ್ಕೊಂಡು, ನಾಲೆ ನೀರಲ್ಲಿ ಬಾಯಿ ತೊಳುದ್ಳು, ತೊಳುದ್ಳು, ತೊಳೀತಾನೇ ಇದ್ಳು. ನಂಜಪ್ಪ ಬೆಲ್ಲ ಮರ್ತುಬುಟ್ಟ ಕಣವ್ವ ಅಂದೆ ನಾನು. ಕೆಂಚ ಎದ್ದು ನೀರು ಕುಡಿಯಕ್ಕೆ ಓಗವ್ನೆ ಅಂದೆ. ಅವ್ಳು ಅದನ್ನೂ ನಂಬುದ್ಳು. ಅಂಗೈ ಮ್ಯಾಲೆ ಅಂಗೈ ಮಡಗಿದ್ನಲ್ಲ. ಅರಕೆ ಯಾರ ಹೆಸರಲ್ಲಿ ಐತೋ ಅವ್ರ ಬಾಯಿಗೇ ಮೊದ್ಲ ತುತ್ತು ಆಕಬೇಕು, ಅದೂ ನಮ್ಮ ಕಟ್ಟು. ಎಡೆ ಇಟ್ಟಿದ್ರಲ್ಲಿ ಒಂದು ತುಣುಕು ಕಿತ್ತು ನಾನೇ ತಿನ್ನಿಸ್ದೆ. ತಿಂದ್ಳು. ಚೆಂದಾಗೈತೆ ಅಂದ್ಳು. "ಕೆಂಚ ನೀರು ಕುಡ್ಕೊಂಡು ಬತ್ತಾನಲ್ಲ, ಅವ್ನಿಗೂ ಒಂದು ತುತ್ತು ಮಡಗಿರಜ್ಜಿ" ಅಂದ್ಳು. ಉಮ ಎಲೆ ಬುಟ್ಟು ಎದ್ದೋದ್ಳು.

ಮಾರನೆ ಬೆಳಿಗ್ಗೆ ನನ್ನ ಗಂಡ ಹಿತ್ಲಲ್ಲಿ ಬೆಂಕಿ ಆಕಿ ತಲೆಕಾಲು ಸುಡ್ತಿದ್ದ, ಸಾರಿಗೆ. ಕೂಸು ಏಳೋದ್ರೊಳಗೆ ಮುಗೀಸು ಅಂತ ಬಡ್ಕೊಂಡಿದ್ದೆ. ಆ ಮುದುಕ ಬೀಡಿ ಸೇದ್ಕೊಂಡು ಕುಂತಿದ್ದ. ಪೂಜ ಉಜ್ಜೋ ಬ್ರಶ್ಶು ಬಾಯಲ್ಲಿ ಇಟ್ಕೊಂಡೇ ಬಂದ್ಳು. ಕೂದ್ಲೆಲ್ಲ ಸುಟ್ಟು ಕರ್ರಗಾಗಿತ್ತು, ಕಿವಿ ಮಾತ್ರ ಇತ್ತು. ಸೀಳು ಕಾಣುಸ್ತಿತ್ತು.

ಅಳ್ಲಿಲ್ಲ. ಅತ್ತಿದ್ರೆ ಚೆಂದಾಗಿತ್ತು. ಕುಕ್ಕರುಗಾಲಲ್ಲಿ ಕುಂತು ಆ ಕಿವಿಗೆ ಉಫ್ ಅಂತ ಊದುದ್ಳು. ಬೂದಿ ಮ್ಯಾಲಕ್ಕೆ ಆರ್ತು. ಇನ್ನೊಂದು ಸಲ ಊದುದ್ಳು. ಆಮೇಲೆ ನನ್ನ ಕಡೆ ತಿರುಗುದ್ಳು. ಕೇಳ್ತಾಳೆ, ಈ ಸಲ ನಿಜ ಯೋಳ್ಬುಡನ ಅಂತ ನಾನು ಬಾಯಿ ತೆಗೆದೆ. ಅವ್ಳು ಕೇಳ್ಲೇ ಇಲ್ಲ. ಎದ್ದು ಬಾಯಿ ಮುಕ್ಕಳ್ಸಿ, ಬ್ಯಾಗು ಆಕ್ಕೊಂಡು, ವ್ಯಾನ್ ಅತ್ತುದ್ಳು.

ನನ್ನ ಮಗ ಏನು ಮಾಡವ್ನೆ ಗೊತ್ತಾ? ಆ ವಿಡಿಯೋನ ಬುಟ್ಟವ್ನೆ. ಕತ್ತಿದು ತೆಗೆದು, ಕೂಸು ಎದ್ದೇಳು ಎದ್ದೇಳು ಅನ್ನೋದಷ್ಟನ್ನೇ. ಪಾಪು ಎಷ್ಟು ಚೆನ್ನಾಗಿ ಆಕ್ಟಿಂಗ್ ಮಾಡ್ತಾಳೆ ಅಂತ ಸಾವಿರ ಜನ ಬರೆದವ್ರಂತೆ. ಉಮ ಅದ ಓದ್ಕೊಂಡು, ಮೊಬೈಲ ತಕ್ಕೊಂಡೋಗಿ ಬಟ್ಟೆ ಒಗೆಯೋ ಕಲ್ಲ ಮ್ಯಾಲೆ ಮಡಗಿ ಗುಂಡುಕಲ್ಲಲ್ಲಿ ಜಜ್ಜುದ್ಳು. ನಾನು ತಡೀಲಿಲ್ಲ.

ಮಿಸ್ಸು ಮನೆ ಗಂಟ ಬಂದ್ಳು. ಜಗುಲಿ ಮ್ಯಾಲೆ ಕುಂತ್ಳು. ಆಮೇಲೆ, "ಈಗ ಕ್ಲಾಸಲ್ಲಿ ಎಲ್ಲ ಮಕ್ಕಳೂ ಆಟವೋ ನಿಜವೋ ಅಂತ ಕೇಳ್ತಾರೆ ಅಜ್ಜಿ. ಪೂಜ ಒಬ್ಳು ಕೇಳಲ್ಲ" ಅಂದ್ಳು.

ನಂಗೆ ರೇಗ್ತು. "ಸಾಯೋ ಆಟ ಕಲ್ಸಿದ್ದು ಯಾರವ್ವ? ನಾನು ನನ್ನ ಪಾಡಿಗೆ ಇದ್ದೆ. ಬೆಲ್ಲದ ನೀರು ಕಲಸಿದ್ದು ನೀನು!"

"ಕಲಸಿದ್ದು ನಾನೇ" ಅಂದ್ಳು. "ಭಾಷೆ ಕೊಟ್ಟಿದ್ದು ನೀವು." ನಾನು ಕಾಫಿ ಕೊಟ್ಟೆ. ಕುಡೀಲಿಲ್ಲ, ಎದ್ದೋದ್ಳು.

ಅವತ್ತಿಂದ ಕೂಸು ಅವ್ವನ ಪಕ್ಕ ಮಲಗ್ತಾಳೆ. ನನ್ನ ಜೊತೆ ಮಾತಿಲ್ಲ. ಅಜ್ಜಿ ಅಂತ ಒಂದು ಸಲ ಅನ್ನಲಿ ಅಂತ ನಾನು ಅವ್ಳ ಹಿಂದೆ ಮುಂದೆ ತಿರುಗ್ತೀನಿ. ಕೋಡುಬಳೆ ಮಾಡಿಕೊಟ್ಟೆ, ಮುಟ್ಲಿಲ್ಲ. ಜೀವ ಉಳೀಲಿ ಅಂತ ಕಟ್ಕೊಂಡ ಅರಕೆ, ಜೀವ ಉಳಿದೈತೆ, ಉಣ್ತಾಳೆ, ಇಸ್ಕೂಲಿಗೆ ಓಯ್ತಾಳೆ. ನನ್ನ ಪಾಲಿಗೆ ಮಾತ್ರ ಇಲ್ಲ.

ನಿನ್ನೆ ನಾನು ಅವರೆಕಾಯಿ ಬಿಡಿಸ್ತಾ ಕುಂತಿದ್ದೆ. ವ್ಯಾನ್ ಇಳಿದೋಳು ಸೀದಾ ನನ್ನತ್ರ ಬಂದ್ಳು.

"ಅಜ್ಜಿ, ಆಟ ಆಡನ ಬಾ."

ನನ್ನ ಕಣ್ಣಲ್ಲಿ ನೀರು ಬಂದ್ಬುಡ್ತು. ಮೊರ ಪಕ್ಕಕ್ಕೆ ತಳ್ಳಿ, "ಆಡನ ಬಾ ನನ್ನ ಬಂಗಾರ, ಏನಾಟ?" ಅಂದೆ.

"ನೀನು ಸಾಯಿ."

ಮಲಗಿದೆ. ಸಿಮೆಂಟು ತಣ್ಣಗಿತ್ತು. ನಾಲ್ಗೆ ಈಚೀಕೆ ಆಕಿ, ಕೈಕಾಲು ಒದ್ದಾಡ್ಸಿ, ಅವ್ಳು ನಗ್ಲಿ ಅಂತ ಇನ್ನೂ ಒಸಿ ಜಾಸ್ತೀನೇ ಮಾಡಿ, ಸತ್ತೆ. ಕಣ್ಣು ಮುಚ್ಕೊಂಡು ಕಾಯ್ತಾ ಇದ್ದೆ. ಈಗ ಕಿವಿಗೆ ಊದ್ತಾಳೆ, ಈಗ ಎದ್ದೇಳು ಅಂತಾಳೆ. ನೊಣ ಬಂದು ತುಟಿ ಮ್ಯಾಲೆ ಕುಂತಿತು, ಓಡ್ಸಲಿಲ್ಲ. ಒಳಗಡೆ ಉಮ ಆಲು ಕಾಯ್ಸಿ ಲೋಟಕ್ಕೆ ಬಗ್ಗಿಸಿದ್ದು ಕೇಳುಸ್ತು. ಒಂದು ಕಣ್ಣು ಬುಟ್ಟು ನೋಡಿದೆ. ಪೂಜ ನನ್ನ ಪಕ್ಕಾನೇ ಕುಂತು ನನ್ನ ಮುಖಾನೇ ನೋಡ್ತಿದ್ಳು.

"ಆಟ ಮುಗೀತು ಅನ್ನವ್ವ" ಅಂದೆ.

ಅನ್ನಲಿಲ್ಲ. ಏಳಕ್ಕೆ ನೋಡ್ದೆ. ಪುಟ್ಟ ಕೈಯಲ್ಲಿ ನನ್ನ ಎದೆ ಒತ್ತಿ ತಿರ್ಗ ಮಲಗುಸ್ಬುಟ್ಳು. ಆ ಕೈಲಿ ಅಷ್ಟು ಬಲ ಎಲ್ಲಿಂದ ಬಂತೋ. ನಂಗೆ ಎದ್ರಿಕೆ ಆಯ್ತು. ಐದು ವರ್ಷದ ಕೂಸ ಕಂಡು ಎದ್ರಿಕೆ.

"ಆಟ್ವೋ ನಿಜವೋ ಪೂಜ?" ಅಂತ ನಾನೇ ಕೇಳಿದೆ.

ಅವ್ಳು ನನ್ನ ಕೈ ಎತ್ಕೊಂಡು, ಅಂಗೈ ಮ್ಯಾಲೆ ತನ್ನ ಅಂಗೈ ಮಡಗುದ್ಳು.

"ಆಟ ಕಣಜ್ಜಿ" ಅಂದ್ಳು. ಆಮೇಲೆ ಎದ್ದು ಆಲು ಕುಡಿಯಕ್ಕೆ ಒಳೀಕೆ ಓದ್ಳು.